ಪ್ರದಕ್ಷಿಣೆ ಹಾಕಿದ ಬಳ್ಳಿ

"ಮುಟ್ಬೇಡ. ಕೈ ಹಿಂದೆ ಕಟ್ಕೊಂಡು ನಿಂತ್ಕೋ, ವರ್ನ್."

ಡೆಪ್ಯುಟಿ ಶೆರಿಫ್ ವರ್ನ್ ಸ್ಟಾಲ್ಕಪ್ ಕೈ ಹಿಂದೆ ಕಟ್ಟಿಕೊಂಡ. ಸೊಂಟದಲ್ಲಿ ಪಿಸ್ತೂಲು, ಎದೆಯ ಮೇಲೆ ಹಿತ್ತಾಳೆಯ ನಕ್ಷತ್ರ, ನಲವತ್ತು ದಾಟಿದ ಗಂಡಸು. ಆದರೂ ಟೋಲಿಯಾ ಬರಾಗಾನ್ ಗದರಿದರೆ ಇವತ್ತಿಗೂ ಅವನ ಕೈ ತಾನಾಗಿ ಹಿಂದೆ ಹೋಗುತ್ತದೆ. ಹದಿನೈದರ ಪ್ರಾಯದಲ್ಲಿ ಅವನು ಅವಳ ಗುಂಪಿನಲ್ಲೇ ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯನ್ನು ಹಗ್ಗಕ್ಕೆ ಕಟ್ಟಲು ಬಂದವನು. ಈಗ ಅವಳು ಕೌಂಟಿಯ ಕಳೆ ಇನ್‌ಸ್ಪೆಕ್ಟರ್, ಆದರೂ ಮೇ ತಿಂಗಳು ಬಂದರೆ ಗುಂಪಿನ ಜೊತೆ ಬಳ್ಳಿ ಕಟ್ಟಲು ಹೋಗುತ್ತಾಳೆ. ವಯಸ್ಸು ಐವತ್ತೆಂಟು, ಎರಡೂ ಮೊಣಕಾಲು ನೋವು, ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ.

ಇಬ್ಬರ ಮುಂದಿದ್ದದ್ದು ಹಾಪ್ಸ್ ತೋಟದ ಅಂಚಿನ ಹಳೆಯ ಪಂಪ್ ಮನೆಯ ಬಾಗಿಲು. ಎರಡು ದಿನದ ಹಿಂದೆ, ಮಂಗಳವಾರ, ಇದರೊಳಗಿನ ನೀರಿನ ಗುಂಡಿಯಲ್ಲಿ ತೋಟದ ಪಾಲುದಾರ ಲಿಯೋನ್ ಗಾಡ್ರೋನ ಹೆಣ ಸಿಕ್ಕಿತ್ತು. ತಲೆಯ ಹಿಂಭಾಗ ಒಡೆದಿತ್ತು. ಹಿಂಬದಿಯ ತಗಡು ಕಿತ್ತು ಹೆಣ ಹೊರತೆಗೆದಿದ್ದರೂ ವಾಸನೆ ಹೋಗಿರಲಿಲ್ಲ.

ಆ ವಾಸನೆಯ ನಡುವೆಯೇ ಬಾಗಿಲ ತುಂಬ ಸುತ್ತುಬಳ್ಳಿ ಹೂ ಬಿಟ್ಟಿತ್ತು. ಬಿಳಿ, ನಸುಗೆಂಪು, ಒಂದೊಂದೂ ಪುಟ್ಟ ಆಲಿಕೆಯ ಹಾಗೆ. ಗೆಣಸಿನ ಹೂ ಕಂಡವರಿಗೆ ಇದರ ಗುರುತು ಹತ್ತೀತು, ಎರಡೂ ಒಂದೇ ಕುಲ. ಗೆಣಸು ಹೊಟ್ಟೆಗಾದರೂ ಆಗುತ್ತದೆ, ಇದು ಯಾತಕ್ಕೂ ಆಗುವುದಿಲ್ಲ. ಕಿತ್ತರೆ ಬೇರಿನ ತುಂಡು ನೆಲದಲ್ಲೇ ಉಳಿದು ಒಂದಕ್ಕೆ ಹತ್ತಾಗಿ ಬರುತ್ತದೆ. ಅಮೆರಿಕದ ಈ ಯಾಕಿಮಾ ಕಣಿವೆಯ ರೈತರು ದೆವ್ವಕ್ಕೆ ಹೆದರದಿದ್ದರೂ ಇದಕ್ಕೆ ಹೆದರುತ್ತಾರೆ.

"ಬೆಳಬೆಳಿಗ್ಗೆ ಹೂವು ತೋರಿಸೋಕೆ ಕರೆಸಿದ್ರಾ, ದೋನ್ಯಾ?" ವರ್ನ್ ಕರವಸ್ತ್ರ ಮೂಗಿಗೆ ಹಿಡಿದ. ಸ್ಪ್ಯಾನಿಷ್ ಆಡುವ ಆಳುಗಳ ಹಾಗೆ ಅವನೂ ಅವಳನ್ನು ದೋನ್ಯಾ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಿದ್ದ.

"ಹೂವು ಅಲ್ಲ. ನಿಮ್ಮ ಶೆರಿಫ್‌ಗೆ ಕಣ್ಣು ಎಲ್ಲಿದೆ ಅಂತ ತೋರಿಸೋಕೆ."

ಶೆರಿಫ್ ಕಚೇರಿಯ ತರ್ಕ ಸರಳವಾಗಿತ್ತು. ಬಾಗಿಲಿಗೆ ಬೀಗವಿಲ್ಲ. ನೆಲದ ತೂತಿಗೆ ಇಳಿಯುವ, ಎದೆಯೆತ್ತರದ ಒಂದು ಕಬ್ಬಿಣದ ಅಗುಳಿ ಇದೆ. ಅದರ ಸುತ್ತ ಬಳ್ಳಿ ಬಿಗಿಯಾಗಿ ಹತ್ತಿದೆ. ಬಳ್ಳಿ ಬಿಡಿಸದೆ ಅಗುಳಿ ಎತ್ತಲು ಬರುವುದಿಲ್ಲ. ಅಂದಮೇಲೆ ಈ ಬೇಸಿಗೆಯಲ್ಲಿ ಯಾರೂ ಬಾಗಿಲು ತೆಗೆದಿಲ್ಲ, ಹೆಣ ಒಳಗೆ ಹೋಗಿದ್ದು ಹಿಂಬದಿಯ ತಗಡಿನ ಗೋಡೆಯಿಂದ. ಆ ತಗಡಿಗೆ ಹೊಸ ಮೊಳೆ ಹೊಡೆದವನು ತೋಟಕ್ಕೆ ನೀರು ಕಟ್ಟುವ ಚೋನ್ ಮುರಿಲ್ಯೋ. ಅದೂ ಹೋದ ಗುರುವಾರ ಸಂಜೆ, ಲಿಯೋನ್ ಕೊನೆಯ ಸಲ ಜನರ ಕಣ್ಣಿಗೆ ಬಿದ್ದ ದಿನ. ಮೊಳೆ ಹೊಡೆದದ್ದು ಹೌದು, ತಗಡು ಗಾಳಿಗೆ ಬಡಿಯುತ್ತಿತ್ತು ಎಂದು ಚೋನ್ ತಾನಾಗಿಯೇ ಹೇಳಿದ್ದ. ಯಾರು ಕೇಳುತ್ತಾರೆ?

ಕೇಳದೇ ಇರಲು ಕಾರಣವೂ ಇತ್ತು. ಅದೇ ಗುರುವಾರ ಬೆಳಿಗ್ಗೆ ಲಿಯೋನ್, ಸಾಲುಗಳಲ್ಲಿ ಆಳುಗಳಿರುವಾಗಲೇ, ಸುತ್ತುಬಳ್ಳಿ ಸಾಯಲೆಂದು ಔಷಧಿ ಹೊಡೆಸಿದ್ದ. ಪಕ್ಕದ ಸಾಲಿನಲ್ಲಿದ್ದವಳು ಚೋನ್‌ನ ಹೆಂಡತಿ ಸೊಕೋರೊ, ಏಳು ತಿಂಗಳ ಬಸುರಿ. ಉಸಿರು ಕಟ್ಟಿ ಮಣ್ಣಿಗೆ ಬಿದ್ದಳು. ಚೋನ್ ನಲವತ್ತು ಜನರ ಎದುರಿಗೆ ಲಿಯೋನ್‌ನ ಅಂಗಿ ಹಿಡಿದು, "ನಿನ್ನನ್ನ ಈ ಕಳೆ ಬುಡದಲ್ಲೇ ಹೂಳ್ತೀನಿ" ಅಂದ. ಎರಡು ದಿನವಾದರೂ ಲಿಯೋನ್ ಕಾಣದ್ದರಿಂದ, ಆ ಬೆದರಿಕೆಯ ಮೇಲೆ ಶನಿವಾರ ಮಧ್ಯಾಹ್ನ ಚೋನ್‌ನನ್ನು ಹಿಡಿದು ಒಳಗೆ ಹಾಕಿದರು. ಮಂಗಳವಾರ ಹೆಣ ಸಿಕ್ಕಿತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಚೋನ್ ಜಡ್ಜಿನ ಮುಂದೆ ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾನೆ. ಹಾಕಿದರೆ ಇಪ್ಪತ್ತು ವರ್ಷ, ಹಾಕದಿದ್ದರೆ ಸಾಯುವ ತನಕ ಜೈಲು ಎಂದು ಸರ್ಕಾರಿ ವಕೀಲ ಹೇಳಿದ್ದಾನೆ.

ಚೋನ್‌ಗೆ ಜ್ಞಾನಸ್ನಾನ ಮಾಡಿಸಿದ ದಿನ ಅವನನ್ನು ಎತ್ತಿಕೊಂಡು ನಿಂತವಳು ಟೋಲಿಯಾ. ಅವನ ಧರ್ಮತಾಯಿ. ಅವನು ಜೈಲಿಗೆ ಹೋದ ದಿನದಿಂದ ಸೊಕೋರೊ ಅವಳ ಮನೆಯಲ್ಲೇ ಇದ್ದಾಳೆ. ನಿನ್ನೆ ಜೈಲಿಗೆ ಹೋಗಿ, ಮಾಡದ ತಪ್ಪಿಗೆ ಯಾಕೋ ಸಹಿ ಹಾಕ್ತೀಯ ಎಂದು ಕಂಬಿ ಹಿಡಿದು ಅತ್ತಿದ್ದಳು. ಅವನು ಗೋಡೆ ನೋಡುತ್ತ ಕೂತವನು ಒಂದೇ ಮಾತು ಕೇಳಿದ್ದ.

"ಸೊಕೋರೊ ಊಟ ಮಾಡ್ತಿದಾಳಾ, ಮದ್ರೀನಾ?"

ಹೆಂಡತಿಯ ಮೇಲೆ ಇಷ್ಟು ಪ್ರಾಣ ಇಟ್ಟವನಿಗೆ ಇಪ್ಪತ್ತು ವರ್ಷ.

ಅವಳು ವರ್ನ್‌ನನ್ನು ಹತ್ತು ಹೆಜ್ಜೆ ಆಚೆಗೆ, ಬೇಲಿಯ ಕಂಬದ ಹತ್ತಿರ ಕರೆದೊಯ್ದಳು.

"ಈ ಕಂಬಕ್ಕೆ ಬಳ್ಳಿ ಯಾವ ಕಡೆಯಿಂದ ಸುತ್ತಿದೆ? ಮೇಲಿಂದ ನೋಡಿ ಹೇಳು."

ವರ್ನ್ ಬಗ್ಗಿ ಬೆರಳು ತಿರುಗಿಸಿದ. "ಗಡಿಯಾರಕ್ಕೆ ಉಲ್ಟಾ."

"ಆ ತಂತಿ ಕಂಬದ್ದು?"

"ಉಲ್ಟಾ."

"ಆ ಒಣಗಿದ ಜೋಳದ ದಂಟಿಂದು?"

"ಅದೂ ಉಲ್ಟಾನೇ. ಬೇಗ ಹೇಳಿ, ಹತ್ತಕ್ಕೆ ನಾನು ಕಚೇರೀಲಿರ್ಬೇಕು."

"ಇಪ್ಪತ್ತು ವರ್ಷದಿಂದ ಈ ಕಣಿವೇಲಿ ಇದನ್ನೇ ಹುಡುಕ್ಕೊಂಡು ತಿರುಗ್ತಿದೀನಿ. ಕಂಬಕ್ಕೇ ಹತ್ತಲಿ, ಸತ್ತ ಟ್ರಾಕ್ಟರಿಗೇ ಹತ್ತಲಿ, ಇದು ಸುತ್ತೋದು ಅದೊಂದೇ ಕಡೆ. ಇದರ ಅಕ್ಕತಂಗಿಯರೂ ಹಂಗೇ. ನಿಮ್ಮಮ್ಮನ ವರಾಂಡದಲ್ಲಿ ನೀಲಿ ಹೂವಿಂದು ಇದೆಯಲ್ಲ, ಅದನ್ನ ಬೇಕಾದ್ರೆ ಹೋಗಿ ನೋಡು. ಈಗ ಬಾ, ಅಗುಳಿ ನೋಡು."

ವರ್ನ್ ಅಗುಳಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆರಳು ಗಾಳಿಯಲ್ಲಿ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ನಿಂತಿತು.

"ಇದು ಗಡಿಯಾರದ ಕಡೆಗೇ ಸುತ್ತಿದೆ."

"ಬೇರೆ ಯಾವುದು ಹಂಗೆ ಸುತ್ತುತ್ತೆ?"

ಹೇಳುವ ಅಗತ್ಯವಿರಲಿಲ್ಲ. ಅವರ ಬೆನ್ನ ಹಿಂದೆ, ಹದಿನೆಂಟು ಅಡಿ ಎತ್ತರದ ತಂತಿಯಿಂದ ಇಳಿಬಿಟ್ಟ ಸಾವಿರಾರು ಹಗ್ಗಗಳ ಮೇಲೆ ಹಾಪ್ಸ್ ಹಾಗೆಯೇ ಹತ್ತಿ ನಿಂತಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಾಪ್ಸ್ ಪ್ರದಕ್ಷಿಣೆ ಹಾಕುತ್ತದೆ, ಸುತ್ತುಬಳ್ಳಿ ಅಪ್ರದಕ್ಷಿಣೆ. ಹುಟ್ಟಿದಾಗಿನಿಂದ ಎರಡನ್ನೂ ಒಟ್ಟಿಗೇ ನೋಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

"ಯಾರೋ ಬಳ್ಳಿ ಬಿಡಿಸಿ, ಬಾಗಿಲು ತೆಗೆದು, ಕೆಲ್ಸ ಮುಗಿಸ್ಕೊಂಡು ಮತ್ತೆ ಸುತ್ತಿ ಹೋಗಿದಾರೆ," ಟೋಲಿಯಾ ಹೇಳಿದಳು. "ಮೇ ತಿಂಗಳು ಬಂದ್ರೆ ದಿನಕ್ಕೆ ಸಾವಿರ ಹಗ್ಗಕ್ಕೆ ಹಾಪ್ಸ್ ಸುತ್ತೋ ಕೈ ಅದು. ತಲೆ ಬೇರೆ ಕಡೆ ಇತ್ತು. ಕೈ ತನಗೆ ಗೊತ್ತಿರೋ ಹಂಗೆ ಸುತ್ತಿಬಿಡ್ತು. ಎಲೆ ನೋಡು, ಅರ್ಧಕ್ಕರ್ಧ ಬೆನ್ನು ಮೇಲಾಗಿ ಹಳದಿ ತಿರುಗಿದೆ. ತಾನಾಗಿ ಹತ್ತಿದ ಬಳ್ಳಿ ಹಿಂಗೆ ಮಲಗಿರಲ್ಲ."

"ಚೋನ್ ಕೂಡ ಹಾಪ್ಸ್ ತೋಟದೋನೇ."

"ಅದಕ್ಕೇ ಇದನ್ನ ನೋಡು ಅಂದಿದ್ದು." ಅವಳು ಅಗುಳಿಯ ಮೇಲ್ತುದಿ ತೋರಿಸಿದಳು. ಬಲವಂತವಾಗಿ ಸುತ್ತಿದ ಭಾಗ ಮುಗಿದ ಮೇಲೆ ಬಳ್ಳಿಯ ಕುಡಿ ಬಿಡಿಸಿಕೊಂಡು, ತನ್ನ ಹುಟ್ಟುಗುಣಕ್ಕೆ ತಿರುಗಿ, ಅಪ್ರದಕ್ಷಿಣೆಯಾಗಿ ಮೇಲಕ್ಕೆ ಹೋಗಿತ್ತು. ಆ ಹೊಸ ಬೆಳವಣಿಗೆ ಸರಿಯಾಗಿ ಒಂದು ಗೇಣು.

"ನಿನ್ನೆ ಇದೇ ಹೊತ್ತಿಗೆ ಪಕ್ಕದ ಕುಡಿಗೆ ಕೆಂಪು ದಾರ ಕಟ್ಟಿ ಹೋಗಿದ್ದೆ. ಅಳೆದು ನೋಡು."

ವರ್ನ್ ಬೆರಳಿಟ್ಟು ಅಳೆದ. ದಾರದಿಂದ ಆಚೆಗೆ ಮೂರು ಬೆರಳಗಲ ಬೆಳೆದಿತ್ತು.

"ದಿನಕ್ಕೆ ಮೂರು ಬೆರಳು. ಗೇಣಿಗೆ ಹನ್ನೆರಡು. ನಾಲ್ಕು ದಿನ," ಎಂದ. "ಭಾನುವಾರ."

"ಭಾನುವಾರ ಚೋನ್ ಎಲ್ಲಿದ್ದ?"

"ನನ್ನ ಜೈಲಲ್ಲಿ."

"ನಿಮ್ಮ ಕೇಸು ನಿಂತಿರೋದೇ ಹಿಂದುಗಡೆ ತಗಡಿನ ಮೊಳೆ ಮೇಲೆ. ಹೆಣ ಮುಂಬಾಗಿಲಿಂದ ಹೋಗಿದ್ರೆ ಮೊಳೆಗೇನು ಬೆಲೆ?"

"ಹಂಗಾದ್ರೆ ಗುರುವಾರದಿಂದ ಭಾನುವಾರದವರೆಗೆ ಲಿಯೋನ್ ಎಲ್ಲಿದ್ದ?"

"ಅದನ್ನ ಕಂಡುಹಿಡೀಲಿ ಅಂತಲೇ ನಿನ್ನ ಎದೆ ಮೇಲೆ ನಕ್ಷತ್ರ ಚುಚ್ಚಿರೋದು."

ಗುಂಡಿಯ ನೀರು ಮಂಜಿನಷ್ಟು ತಣ್ಣಗಿದ್ದುದರಿಂದ ಸತ್ತ ದಿನ ಹೇಳಲಾಗದು ಎಂದು ಡಾಕ್ಟರೂ ಕೈ ತೊಳೆದುಕೊಂಡಿದ್ದ. ವರ್ನ್ ಪುಸ್ತಕ ತೆಗೆದು ಬರೆಯತೊಡಗಿದ. ಅವನು ಬರೆಯುವುದನ್ನು ನೋಡಿ ಟೋಲಿಯಾಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾಳೆ ಒಂಬತ್ತಕ್ಕೆ ಸಹಿ ಬೀಳುವುದಿಲ್ಲ. ಹುಡುಗ ಮನೆಗೆ ಬರುತ್ತಾನೆ.

"ಆರ್ಮಾಂಡ್‌ಗೆ ಬರೋಕೆ ಹೇಳಿದೀಯಾ?" ಎಂದಳು.

"ಹೇಳಿದೀನಿ. ಅಗೋ, ಬಂದ್ರು."

ಆರ್ಮಾಂಡ್ ಗಾಡ್ರೋ, ಸತ್ತವನ ಅಣ್ಣ, ಕೋಲೂರಿಕೊಂಡು ಸಾಲಿನ ನೆರಳಿನಿಂದ ಹೊರಗೆ ಬಂದ. ಅರವತ್ತೈದರ ಮೇಲೆ ವಯಸ್ಸು, ಕಣ್ಣಿಗೆ ಪೊರೆ ಬಂದಿದೆ. ಎರಡು ವರ್ಷದಿಂದ ಅಣ್ಣ ತಮ್ಮನಿಗೆ ಮಾತಿರಲಿಲ್ಲ. ಅಜ್ಜ ನೆಟ್ಟ ಹಾಪ್ಸನ್ನು ಬುಡಸಮೇತ ಕಿತ್ತು ಸೇಬು ಹಾಕಬೇಕೆಂದು ಲಿಯೋನ್ ಹಟ ಹಿಡಿದಿದ್ದ. ನನ್ನ ಹೆಣದ ಮೇಲೆ ಹಾಕು ಎಂದು ಆರ್ಮಾಂಡ್ ಚರ್ಚಿನ ಮೆಟ್ಟಿಲ ಮೇಲೆಯೇ ಹೇಳಿದ್ದ. ಊರೆಲ್ಲ ಕೇಳಿಸಿಕೊಂಡು, ಊರೆಲ್ಲ ಮರೆತಿತ್ತು. ಯಜಮಾನರ ಬಾಯಿಂದ ಬಂದದ್ದು ಕೋಪ, ಆಳಿನ ಬಾಯಿಂದ ಬಂದದ್ದು ಕೊಲೆ ಬೆದರಿಕೆ.

"ಏನು ಟೋಲಿಯಾ, ನನ್ನ ತಮ್ಮ ಸತ್ತ ಜಾಗದಲ್ಲಿ ಕಳೆ ಎಣಿಸ್ತಿದೀಯಾ?"

"ಒಂದು ಸಣ್ಣ ಕೆಲ್ಸ, ದೋನ್ ಆರ್ಮಾಂಡ್." ಅವಳು ನೆಲದ ಮೇಲೆ ಹರಿದಿದ್ದ ಒಂದು ಬಳ್ಳಿಯ ಕುಡಿ ಎತ್ತಿ ಅವನ ಕೈಗೆ ಕೊಟ್ಟಳು. "ಇದನ್ನ ನಿಮ್ಮ ಕೋಲಿಗೆ ಸುತ್ತಿ."

"ಯಾಕೆ?"

"ಸುತ್ತಿ, ಹೇಳ್ತೀನಿ."

ಆರ್ಮಾಂಡ್ ಬಳ್ಳಿಯ ಕಡೆ ನೋಡಲೂ ಇಲ್ಲ. ಅವಳ ಮುಖವನ್ನೇ ನೋಡುತ್ತ ಮೂರು ಸುತ್ತು ಸುತ್ತಿದ. ಮೂರೂ ಗಡಿಯಾರದ ಕಡೆಗೆ.

"ನೋಡ್ಕೋ ವರ್ನ್," ಎಂದಳು ಟೋಲಿಯಾ.

ವರ್ನ್ ವಿಷಯ ತಿಳಿಸಿದ. ಆರ್ಮಾಂಡ್ ಕೇಳಿಸಿಕೊಂಡು ಒಣನಗೆ ನಕ್ಕ.

"ಈ ಕಣಿವೇಲಿ ತೊಟ್ಟಿಲಲ್ಲಿರೋ ಮಗೂನೂ ಹಿಂಗೇ ಸುತ್ತುತ್ತೆ. ಇದೇ ಸಾಕ್ಷಿ ಅಂದ್ರೆ ಪಾದ್ರಿಯನ್ನೂ ಜೈಲಿಗೆ ಹಾಕ್ಬೇಕಾಗುತ್ತೆ."

"ಪಾದ್ರಿ ಭಾನುವಾರ ಚರ್ಚಲ್ಲಿದ್ರು. ನೀವಿರ್ಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ನಿಮ್ಮ ಬೆಂಚು ಖಾಲಿ ಇತ್ತು. ಎಲ್ಲಿ ಹೋಗಿದ್ರಿ?"

"ನನ್ನನ್ನ ಕೇಳೋಕೆ ನೀನ್ಯಾರೇ?"

"ಚೋನ್‌ಗೆ ಹೆತ್ತತಾಯಿ ಇಲ್ಲ. ಅದಕ್ಕೇ ನಾನು ಕೇಳ್ತಿದೀನಿ."

ಆರ್ಮಾಂಡ್ ಕೋಲಿನ ಮೇಲೆ ಎರಡೂ ಕೈ ಊರಿದ.

"ತಮ್ಮನ್ನ ಹುಡುಕ್ತಿದ್ದೆ. ಭಾನುವಾರ ಪೂರ್ತಿ, ಒಬ್ಬನೇ, ಈ ಕುರುಡುಗಣ್ಣಲ್ಲಿ. ಕಾಲುವೆ ಉದ್ದಕ್ಕೂ ಅವನ ಹೆಸರು ಕೂಗ್ಕೊಂಡು ನಡೆದೆ. ಮಾತು ಬಿಟ್ಟಿದ್ದೆ ಟೋಲಿಯಾ, ತಮ್ಮನ್ನ ಬಿಟ್ಟಿರ್ಲಿಲ್ಲ. ಈ ಬಾಗಿಲ ಮುಂದೇನೇ ಎರಡು ಸಲ ಹಾದುಹೋದೆ. ಬಳ್ಳಿ ಹತ್ತಿದೆ, ಒಳಗೆ ಯಾರು ಹೋಗಿರ್ತಾರೆ ಅಂತ ಮುಂದಕ್ಕೆ ಹೋದೆ."

ಸುಳ್ಳು ಹೇಳುವವನ ದನಿ ಅದಲ್ಲ ಎಂದು ಟೋಲಿಯಾಗೆ ಅನಿಸಿತು. ಅಷ್ಟರಲ್ಲಿ ಮುದುಕ ಬಾಗಿಲಿಗೆ ಹತ್ತಿರವಾಗಿ ಬಗ್ಗಿದ್ದ.

ಬಳ್ಳಿ ಕಟ್ಟುವ ಕಾಲದಲ್ಲಿ ಯಜಮಾನ ಸಾಲು ಸಾಲು ನಡೆದು ಪ್ರತಿ ಹಗ್ಗದ ಹಿಂದೆ ಬೆರಳಾಡಿಸಿ ನೋಡುವುದು ಇಲ್ಲಿನ ರೂಢಿ. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಸಿಗುತ್ತದೆ. ಆರ್ಮಾಂಡ್‌ಗೆ ಐವತ್ತು ವರ್ಷದ ಅಭ್ಯಾಸ. "ಮುಟ್ಬೇಡಿ" ಎಂದು ಟೋಲಿಯಾ ಹೇಳುವುದರೊಳಗೆ ಅವನ ತೋರುಬೆರಳು ಅಗುಳಿಯ ಹಿಂಬದಿಗೆ ಹೋಗಿತ್ತು. ಬಾಗಿಲ ಹಲಗೆಗೂ ಅಗುಳಿಗೂ ನಡುವೆ ಕಣ್ಣಿಗೆ ಕಾಣದ ಆ ಜಾಗವನ್ನು, ಸಾಕ್ಷಿ ಕೆಡಬಾರದೆಂದು ಟೋಲಿಯಾ ಮುಟ್ಟಿರಲೇ ಇಲ್ಲ.

ಬೆರಳು ಅಲ್ಲೇ ನಿಂತಿತು.

"ಎರಡು ಕುಡಿ ಮೇಲೆ," ಆರ್ಮಾಂಡ್ ನಿಧಾನವಾಗಿ ಹೇಳಿದ. "ಮೂರನೇದನ್ನ ಅಡಿಯಿಂದ ತಂದು, ತುದಿ ಒಳಗೆ ಸಿಕ್ಕಿಸಿದಾರೆ."

ಅವನು ಬೆರಳು ಹಿಂದಕ್ಕೆ ತೆಗೆದುಕೊಂಡ.

"ಪ್ರತಿ ವರ್ಷ ಗಾಳಿಗೆ ಎಲ್ಲರ ಸಾಲೂ ಬೀಳುತ್ತೆ. ಒಬ್ಬಳ ಸಾಲು ಮಾತ್ರ ಬೀಳಲ್ಲ. ಯಾಕೆ ಅಂತ ಹಗ್ಗದ ಹಿಂದೆ ಬೆರಳಿಟ್ಟು ನೋಡಿ ನೋಡಿ ನನಗೆ ಈ ಕಟ್ಟು ಬಾಯಿಪಾಠ ಆಗಿದೆ." ಅವನು ತಿರುಗಿದ. "ಟೋಲಿಯಾ, ಇದು ನಿನ್ನ ಕೈ."

ವರ್ನ್ ತಾನೂ ಬೆರಳಿಟ್ಟು ನೋಡಿದ. ಟೋಲಿಯಾ ಮೂರನೆಯವಳಾಗಿ ಬೆರಳಿಟ್ಟಳು. ಅವಳ ಅವ್ವ ಅವಳಿಗೆ ಹೇಳಿಕೊಟ್ಟ ಕಟ್ಟು, ಗುಂಪಿನಲ್ಲಿ ಯಾರಿಗೂ ಬಿಟ್ಟುಕೊಡದೆ ಜಂಬದಿಂದ ಕಾಪಾಡಿಕೊಂಡ ಕಟ್ಟು, ಅವಳ ಬೆರಳಿಗೇ ಸಿಕ್ಕಿತು.

"ಭಾನುವಾರ ನಾಲ್ಕರ ಹೊತ್ತಿಗೆ ನಿನ್ನ ಹಸಿರು ಟ್ರಕ್ಕು ಕಾಲುವೆ ಏರಿ ಮೇಲೆ ನಿಂತಿತ್ತು," ಆರ್ಮಾಂಡ್ ಹೇಳಿದ. "ಕೈಯಿಟ್ಟು ನೋಡಿದೆ, ಇಂಜಿನ್ ಇನ್ನೂ ಬಿಸಿ ಇತ್ತು. ಕಳೆ ನೋಡೋಕೆ ಬಂದಿರ್ತಾಳೆ ಅಂತ ನಾನು ಯಾರಿಗೂ ಹೇಳೋಕೆ ಹೋಗ್ಲಿಲ್ಲ."

"ನಾನ್ಯಾಕೆ ಲಿಯೋನ್‌ನ ಕೊಲ್ಲಲಿ?"

"ಅದನ್ನ ನೀನೇ ಹೇಳ್ಬೇಕು."

ವರ್ನ್ ಪುಸ್ತಕದ ಹೊಸ ಹಾಳೆ ತಿರುವಿದ. ಅವನ ದನಿ ಇದ್ದಕ್ಕಿದ್ದ ಹಾಗೆ ಕಚೇರಿಯ ದನಿಯಾಗಿತ್ತು. "ನಾನು ಎಷ್ಟು ಸಲ ಗೋಗರೆದ್ರೂ ನೀವು ಈ ಕಟ್ಟು ಹೇಳ್ಕೊಡ್ಲಿಲ್ಲ, ದೋನ್ಯಾ. ಬೇರೆ ಯಾರಿಗೆ ಕಲಿಸಿದೀರಾ?"

ಒಬ್ಬಳಿಗೆ ಕಲಿಸಿದ್ದಳು. ಒಬ್ಬಳಿಗೆ ಮಾತ್ರ. ಆರು ವರ್ಷದ ಹಿಂದೆ ಹತ್ತೊಂಬತ್ತರ ಪ್ರಾಯದಲ್ಲಿ, ಈ ಊರಿಗೆ ಮದುವೆಯಾಗಿ ಬಂದ ತಾಯಿಯಿಲ್ಲದ ಹುಡುಗಿ. ಬೆರಳಲ್ಲಿ ರಕ್ತ ಬಂದರೂ ಸಾಲು ಮುಗಿಯದೆ ಹಗ್ಗ ಹಿಡಿದು ಅಳುತ್ತಿದ್ದಳು. ಟೋಲಿಯಾ ಹಿಂದಿನಿಂದ ಅವಳ ಎರಡೂ ಕೈ ಹಿಡಿದು ಕಲಿಸಿದ್ದಳು.

ಸೊಕೋರೊ.

ಭಾನುವಾರ ಚೋನ್‌ನನ್ನು ನೋಡಿ ಬರುತ್ತೇನೆಂದು ಟ್ರಕ್ಕು ತೆಗೆದುಕೊಂಡು ಹೋದವಳೂ ಸೊಕೋರೊ. ಕತ್ತಲಾದ ಮೇಲೆ ಬಂದು ಅಡುಗೆಮನೆಯ ನಲ್ಲಿಯಲ್ಲಿ ಎಷ್ಟೋ ಹೊತ್ತು ಕೈ ಉಜ್ಜಿದಳು. ಬಳ್ಳಿ ಮುರಿದಾಗ ಬರುವ ಹಾಲು ಒಣಗಿದರೆ ಬೇಗ ಹೋಗುವುದಿಲ್ಲ. ಇದನ್ನು ಊರಿಗೆಲ್ಲ ಹೇಳಿಕೊಟ್ಟವಳೇ ಟೋಲಿಯಾ. ಆದರೂ ಬೆನ್ನ ಹಿಂದೆ ನಿಂತು, ಬಸುರಿ ಹುಡುಗಿ ಅಳುತ್ತಿದ್ದಾಳೆ ಎಂದಷ್ಟೇ ತಿಳಿದು ಹುರುಳಿ ಸಾರು ಬಿಸಿ ಮಾಡಿದ್ದಳು.

ಗೋಡೆ ನೋಡುತ್ತ ಕೂತ ಚೋನ್ ಯಾಕೆ ಸಹಿ ಹಾಕಲು ಹೊರಟಿದ್ದಾನೆ ಎಂಬುದು ಅವಳಿಗೆ ಈಗ ತಿಳಿಯಿತು. ಹೆಂಡತಿಯ ಹೆಸರು ಹೊರಗೆ ಬಾರದಿರಲೆಂದು. ಏಳು ತಿಂಗಳ ಬಸುರಿ ಒಬ್ಬಳೇ ಆ ಭಾರದ ಗಂಡಸನ್ನು ಗುಂಡಿಗೆ ಎಳೆದು ಹಾಕಿರಲಾರಳು. ಜೊತೆಗೆ ಯಾರೋ ಇದ್ದಿರಬೇಕು, ಯಾರೆಂದು ಟೋಲಿಯಾಗೂ ಗೊತ್ತಿಲ್ಲ. ಆದರೆ ಶೆರಿಫ್ ಕಚೇರಿಯವರಿಗೆ ಅದೆಲ್ಲ ಬೇಕಿಲ್ಲ, ಒಂದು ಕೈ ಸಿಕ್ಕರೆ ಸಾಕು. ಎರಡು ದಿನ ಮಂಡಿಯೂರಿ, ಕುಡಿ ಅಳೆದು, ದಾರ ಕಟ್ಟಿ, ಆ ಕೈಯನ್ನು ಹುಡುಕಿಕೊಟ್ಟವಳು ಅವಳೇ.

"ಯಾರಿಗೂ ಕಲಿಸಿಲ್ಲ," ಎಂದಳು.

"ಯೋಚ್ನೆ ಮಾಡಿ ಹೇಳಿ."

"ಯೋಚ್ನೆ ಮಾಡಿಯೇ ಹೇಳಿದ್ದು."

"ಭಾನುವಾರ ನಾಲ್ಕು ಗಂಟೆಗೆ ಆ ಟ್ರಕ್ಕು ಓಡಿಸ್ತಿದ್ದೋರು ಯಾರು?"

"ನಾನೇ."

ಆರ್ಮಾಂಡ್ ಶಿಲುಬೆಯ ಗುರುತು ಹಾಕಿಕೊಂಡ. ವರ್ನ್ ಬರೆಯಲಿಲ್ಲ. ಪೆನ್ಸಿಲ್ಲನ್ನು ಜೇಬಿಗೆ ಹಾಕಿ, ಟೋಲಿಯಾಳ ಮೊಣಕೈ ಹಿಡಿದು, ಮುದುಕನಿಗೆ ಕೇಳಿಸದಷ್ಟು ದೂರ ಕರೆದೊಯ್ದ.

"ಭಾನುವಾರ ಮಧ್ಯಾಹ್ನದಿಂದ ಕತ್ತಲಾಗೋವರೆಗೆ ನೀವು ನನ್ನ ಅಮ್ಮನ ಹಾಸಿಗೆ ಪಕ್ಕ ಕೂತು ಬೈಬಲ್ ಓದಿ ಹೇಳಿದ್ರಿ," ಎಂದ. "ಅಮ್ಮ ಫೋನಲ್ಲಿ ಅದನ್ನೇ ಮೂರು ಸಲ ಹೇಳಿದ್ಲು. ನಿಮ್ಮನ್ನ ಬಿಟ್ರೆ ಅವಳನ್ನ ನೋಡೋರು ಯಾರೂ ಇಲ್ಲ ಅಂತ."

ಟೋಲಿಯಾ ಮೊಣಕೈ ಬಿಡಿಸಿಕೊಂಡಳು.

"ನೀವು ನನಗೆ ಯಾವತ್ತೂ ಸುಳ್ಳು ಹೇಳಿದೋರಲ್ಲ. ಇವತ್ತು ಹೇಳಿದ್ರಿ ಅಂದ್ರೆ, ಅದು ನಿಮ್ಮ ಪ್ರಾಣಕ್ಕಿಂತ ಹೆಚ್ಚಿನೋರಿಗೋಸ್ಕರ ಇರ್ಬೇಕು." ವರ್ನ್ ಟೋಪಿ ಸರಿಮಾಡಿಕೊಂಡು ಕಾರಿನ ಕಡೆ ನೋಡಿದ. "ಸೊಕೋರೊ ಈಗ ನಿಮ್ಮ ಮನೇಲೇ ಇದಾಳೆ, ಅಲ್ವಾ?"